ಡಿಸ್ಕೀಜಿಯಾ: ‘ಹೊಟ್ಟೆನೋವು’ ಅಂತ ಹೇಳಿದರೆ ಸಾಕಾಗದ ನೋವು

ಮುಟ್ಟಿನ ಎರಡನೇ ದಿನದ ಬೆಳಗ್ಗೆ. ಕಕ್ಕಸಿನಲ್ಲಿ ಬಕೆಟ್ಟಿನ ಅಂಚು ಗಟ್ಟಿಯಾಗಿ ಹಿಡಿದು ಕೂತಿರುತ್ತಿದ್ದೆ. ಗುದದ ಒಳಗೆ ಯಾರೋ ದಬ್ಬಳ ಚುಚ್ಚಿದ ಹಾಗೆ ನೋವು. ಅದು ಬೆನ್ನಿನ ಬುಡಕ್ಕೂ ತೊಡೆಗೂ ಹರಿಯುತ್ತಿತ್ತು. ಮೈಯೆಲ್ಲಾ ತಣ್ಣನೆ ಬೆವರು. ಹೊರಗಿನಿಂದ ಅಮ್ಮ “ಏನಾಯ್ತೇ, ಇಷ್ಟು ಹೊತ್ತು?” ಅಂದರೆ, “ಹೊಟ್ಟೆನೋವಮ್ಮ” ಅನ್ನುತ್ತಿದ್ದೆ. ಡಾಕ್ಟರ ಹತ್ತಿರವೂ ಅದನ್ನೇ ಹೇಳಿದೆ. ಗ್ಯಾಸ್ ಮಾತ್ರೆ ಕೊಟ್ಟರು. ತಪ್ಪು ಅವರೊಬ್ಬರದೇ ಅಲ್ಲ. ನಾನು ಹೇಳಿದ್ದೇ ಅಷ್ಟು.

ಆ ನೋವಿಗೆ ಒಂದು ಹೆಸರಿದೆ: ಡಿಸ್ಕೀಜಿಯಾ. ಗ್ರೀಕ್ ಮೂಲದ ಪದ. ‘ಡಿಸ್’ ಅಂದರೆ ಕಷ್ಟ, ಉಳಿದ ಭಾಗ ಎರಡಕ್ಕೆ ಹೋಗುವುದಕ್ಕೆ ಸಂಬಂಧಿಸಿದ್ದು. ಇದು ಮಲಬದ್ಧತೆ ಅಲ್ಲ. ಮಲಬದ್ಧತೆಯಲ್ಲಿ ಗಟ್ಟಿಯಾಗಿರುವುದರಿಂದ ಕಷ್ಟ. ಇಲ್ಲಿ ಮೋಷನ್ ಮೆತ್ತಗಿದ್ದರೂ ಜೀವ ಹೋಗುವಷ್ಟು ನೋವಾಗಬಹುದು.

ಕಾರಣಗಳು ಹಲವು. ಆದರೆ ಮುಟ್ಟಿನ ದಿನಗಳಲ್ಲಿ ಮಾತ್ರ ಹೀಗಾಗುತ್ತಿದ್ದರೆ, ಅಥವಾ ಆಗ ಜಾಸ್ತಿಯಾಗುತ್ತಿದ್ದರೆ, ಎಂಡೊಮೆಟ್ರಿಯೋಸಿಸ್ ಇದೆಯಾ ಅಂತ ನೋಡಲೇಬೇಕು. ಗರ್ಭಕೋಶದ ಒಳಪದರವನ್ನು ಹೋಲುವ ಪದರ ಹೊರಗಡೆ ಬೆಳೆಯುವ ಕಾಯಿಲೆ ಅದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮುಟ್ಟಾಗುವ ವಯಸ್ಸಿನವರಲ್ಲಿ ಸುಮಾರು 10 ಶೇಕಡಾ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಇದು ಇದೆ.

ಗರ್ಭಕೋಶಕ್ಕೂ ಅದರ ಹಿಂದಿನ ಗುದನಾಳಕ್ಕೂ ಮಧ್ಯೆ ಒಂದು ಸಣ್ಣ ತಗ್ಗಿದೆ. ಸ್ಕಾಟ್ಲೆಂಡಿನ ಜೇಮ್ಸ್ ಡಗ್ಲಸ್ ಅನ್ನುವ ವೈದ್ಯರ ನೆನಪಿಗೆ ಅದನ್ನು ಡಗ್ಲಸ್ ಪೌಚ್ ಅನ್ನುತ್ತಾರೆ. ಈ ಕಾಯಿಲೆ ಅಲ್ಲಿ ಬೇರೂರುವುದು ಜಾಸ್ತಿ. ಊತ ಬರುತ್ತದೆ, ಗಾಯ ಮಾಗಿ ಗಂಟು ಕಟ್ಟುತ್ತದೆ. ಕೆಲವರಲ್ಲಿ ಗರ್ಭಕೋಶ ಮತ್ತು ಕರುಳು ಅಂಟು ಹಚ್ಚಿದ ಹಾಗೆ ಕಚ್ಚಿಕೊಂಡುಬಿಡುತ್ತವೆ. ಮೋಷನ್ ಕೆಳಗಿಳಿಯುವಾಗ ಕರುಳು ಅಲುಗಾಡಬೇಕು, ಹಿಗ್ಗಬೇಕು. ಅಂಟಿಕೊಂಡ ಜಾಗವನ್ನು ಅದು ಎಳೆಯುತ್ತದೆ. ದಬ್ಬಳದ ನೋವು ಅದೇ. ಕರುಳಿನ ಒಳಗೆ ಕ್ಯಾಮೆರಾ ಬಿಟ್ಟು ನೋಡಿದಾಗ ಎಷ್ಟೋ ಸಲ ಎಲ್ಲಾ ಸರಿಯಾಗಿಯೇ ಕಾಣುತ್ತದೆ, ಯಾಕಂದರೆ ತೊಂದರೆ ಇರುವುದು ಕರುಳಿನ ಹೊರಗೋಡೆಯಲ್ಲಿ.

ಮುಟ್ಟಿನಲ್ಲಿ ಬೇಧಿ ಯಾಕೆ ಅಂತ ಕೇಳುವವರಿದ್ದಾರೆ. ಗರ್ಭಕೋಶವನ್ನು ಹಿಂಡುವ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಕರುಳನ್ನೂ ಹಿಂಡುತ್ತದೆ. ಸ್ವಲ್ಪ ಮಟ್ಟಿಗೆ ಇದು ಬಹಳ ಜನರಿಗೆ ಆಗುತ್ತದೆ.

ಮೂತ್ರದ ಕಥೆ ಬೇರೆ. ಅದಕ್ಕೆ ನಮ್ಮಲ್ಲಿ ಮೊದಲೇ ಒಳ್ಳೆಯ ಪದವಿದೆ, ಉರಿಮೂತ್ರ. ಪದದ ಜೊತೆಗೇ ಕಾರಣವೂ ಬಂದುಬಿಡುತ್ತದೆ: “ಉಷ್ಣ ಆಗಿದೆ, ಎಳನೀರು ಕುಡಿ, ಜೀರಿಗೆ ನೀರು ಕುಡಿ.” ಕುಡಿದರೆ ಕೆಟ್ಟದ್ದೇನಿಲ್ಲ. ಆದರೆ ಎಂಡೊಮೆಟ್ರಿಯೋಸಿಸ್ ಮೂತ್ರಕೋಶಕ್ಕೂ ಹತ್ತಬಹುದು. ಆಗ ಗಳಿಗೆಗೊಮ್ಮೆ ಅವಸರ, ಮೂತ್ರ ತುಂಬಿದರೆ ನೋವು, ಹೋಗುವಾಗಲೂ ನೋವು. ಇನ್‌ಫೆಕ್ಷನ್ ಅಂದುಕೊಂಡು ಪ್ರತಿ ತಿಂಗಳೂ ಆ್ಯಂಟಿಬಯೋಟಿಕ್ ನುಂಗುವವರಿದ್ದಾರೆ. ದಯವಿಟ್ಟು ಮೊದಲು ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ, ಮಾಡಿಸಿ. ಅದರಲ್ಲಿ ಏನೂ ಬರದೆ, ಮುಟ್ಟು ಬಂದಾಗಲೆಲ್ಲಾ ಉರಿ ಮಾತ್ರ ಮರಳುತ್ತಿದ್ದರೆ, ಆ ಲೆಕ್ಕವನ್ನೇ ಡಾಕ್ಟರ ಮುಂದಿಡಬೇಕು.

ಇನ್ನು ದಿನ ದೂಡುವ ಮಾತು. ನನಗೆ ಹೆಚ್ಚು ಸಹಾಯವಾದದ್ದು ಒಂದು ಗಿಡ್ಡ ಮಣೆ. ವೆಸ್ಟರ್ನ್ ಕಮೋಡಿನ ಮುಂದೆ ಅದರ ಮೇಲೆ ಕಾಲಿಟ್ಟು ಮುಂದಕ್ಕೆ ಬಾಗಿ ಕೂತರೆ ಗುದನಾಳದ ತಿರುವು ನೇರವಾಗುತ್ತದೆ, ತಿಣುಕುವುದು ತಪ್ಪುತ್ತದೆ. ಉಸಿರು ಬಿಗಿಹಿಡಿಯಬೇಡಿ, ಮೆಲ್ಲಗೆ ಬಿಡಿ. ಮುಟ್ಟಿಗೆ ಮೂರ್ನಾಲ್ಕು ದಿನ ಮುಂಚಿನಿಂದಲೇ ಮೋಷನ್ ಮೆತ್ತಗಿರುವ ಹಾಗೆ ನೋಡಿಕೊಳ್ಳಿ. ಇಸಬ್‌ಗೋಲ್ ಸಾಕಷ್ಟು ನೀರಿನ ಜೊತೆ ಆಗಬಹುದು. ನಾರಿನ ಊಟ ಒಳ್ಳೆಯದು ಅಂತ ಒಂದೇ ದಿನ ಕಾಳು, ಸೊಪ್ಪು, ರಾಗಿ ಎಲ್ಲಾ ಸುರಿದರೆ ಹೊಟ್ಟೆ ತಮಟೆಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಕೆಲವರಿಗೆ ಈರುಳ್ಳಿ, ಬೆಳ್ಳುಳ್ಳಿ, ಬೇಳೆಕಾಳು ಉಬ್ಬರ ತರುತ್ತವೆ. ಹಾಗಂತ ಎಲ್ಲವನ್ನೂ ಕಾಯಂ ಬಿಟ್ಟುಬಿಡಬಾರದು. ಕೆಲವು ವಾರ ಬಿಟ್ಟು, ಒಂದೊಂದಾಗಿ ಮತ್ತೆ ತಿಂದು ನೋಡಬೇಕು. ಡಯೆಟಿಷಿಯನ್ ಜೊತೆಗಿದ್ದರೆ ಒಳ್ಳೆಯದು. ರಕ್ತ ಕಡಿಮೆ ಅಂತ ಕೊಡುವ ಕಬ್ಬಿಣದ ಮಾತ್ರೆಯೂ ಮಲ ಕಟ್ಟಿಸುತ್ತದೆ. ಅದನ್ನು ಡಾಕ್ಟರಿಗೆ ಹೇಳಿ.

ಮೂತ್ರಕ್ಕೆ ಹೆದರಿ ನೀರು ಬಿಡುವುದು ನಾವೆಲ್ಲಾ ಮಾಡುವ ತಪ್ಪು. ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವಾಗ ನಾನೂ ಮಧ್ಯಾಹ್ನದಿಂದಲೇ ಗಂಟಲು ಒಣಗಿಸಿಕೊಂಡಿದ್ದೇನೆ. ಮೂತ್ರ ಗಾಢವಾದಷ್ಟೂ ಉರಿ ಜಾಸ್ತಿ. ಈಗ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತೇನೆ, ಕಾಫಿ ಬಿಡುತ್ತೇನೆ, ಬಸ್ ಎಲ್ಲಿ ನಿಲ್ಲುತ್ತದೆ ಅಂತ ಕಂಡಕ್ಟರ್ ಅಣ್ಣನನ್ನು ಮೊದಲೇ ಕೇಳುತ್ತೇನೆ. ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲ ಎರಡು ನೋವಿಗೂ ಹಿತ. ವರ್ಷಗಟ್ಟಲೆ ನೋವಿಗೆ ಬಿಗಿದುಕೊಂಡ ಸೊಂಟದೊಳಗಿನ ಸ್ನಾಯುಗಳನ್ನು ಸಡಿಲಿಸುವುದನ್ನು ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಯಲ್ಲಿ ಕಲಿಸುತ್ತಾರೆ.

ಇವೆಲ್ಲಾ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಹಾರ್ಮೋನ್ ಮಾತ್ರೆಯೋ ಆಪರೇಷನ್ನೋ ಅಂತ ತಿಳಿದವರ ಜೊತೆ ಕೂತು ತೀರ್ಮಾನಿಸಬೇಕು. ಮಲದಲ್ಲೋ ಮೂತ್ರದಲ್ಲೋ ರಕ್ತ ಕಂಡರೆ ಮುಟ್ಟಿನದಿರಬಹುದು ಅಂತ ಸುಮ್ನೆ ಇರಬೇಡಿ. ಜ್ವರ, ಪಕ್ಕೆನೋವು, ಮೂತ್ರ ಕಟ್ಟುವುದು, ಹೊಟ್ಟೆ ಉಬ್ಬಿ ವಾಂತಿ, ಇವಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ನಾನು ಮೂರು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಮುಟ್ಟಿನ ಎಷ್ಟನೇ ದಿನ, ಎರಡಕ್ಕೆ ಹೋಗುವಾಗ ನೋವು ಹತ್ತಕ್ಕೆ ಎಷ್ಟು, ಒಂದಕ್ಕೆ ಎಷ್ಟು ಸಲ, ರಕ್ತ ಇತ್ತಾ. ಬೇರೊಬ್ಬ ಡಾಕ್ಟರ ಮುಂದೆ ಅದನ್ನು ಓದಿದೆ, ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ. ಅವರು ನೋಟ್‌ಬುಕ್ ತಮ್ಮ ಕಡೆಗೆ ತಿರುಗಿಸಿ ಪೂರ್ತಿ ಓದಿದರು. ಆಮೇಲೆ ಸ್ಕ್ಯಾನಿಂಗ್ ಚೀಟಿಯಲ್ಲಿ ಒಂದು ಪದ ಬರೆದರು. ಡಿಸ್ಕೀಜಿಯಾ ಅನ್ನುವುದನ್ನು ನಾನು ಮೊದಲು ಓದಿದ್ದು ಆ ಚೀಟಿಯಲ್ಲಿ.