ಕೆಲಸ ನಿಂತರೆ ಮನೆ ನಡೆಯೋದು ಹೇಗೆ? ಸಂಡೂರಿನ ಉದ್ರಿ ಲೆಕ್ಕ

ಪ್ರಶ್ನೆ: 1929ರಲ್ಲಿ ಅಮೆರಿಕದಲ್ಲಿ ಶುರುವಾದ ಮಹಾ ಆರ್ಥಿಕ ಕುಸಿತದ ಬಗ್ಗೆ ಓದಿದೆ. ಅಂಥದ್ದು ನಮ್ಮ ಕಡೆ ಬಂದರೆ ಕೂಲಿಯವರು, ಸಣ್ಣ ಅಂಗಡಿಯವರು ಬದುಕೋದು ಹೇಗೆ?

ಉತ್ತರ: ಬಂದರೆ ಅಂತ ಯಾಕೆ? ಬಂದು ಹೋಗಿದೆ. ಆ 1930ರ ದಶಕದ ಕುಸಿತವೇ ಇಲ್ಲಿಗೂ ತಟ್ಟಿತ್ತು. ಆಗ ಬಳ್ಳಾರಿ ಮದ್ರಾಸಿನ ಕೈಯಲ್ಲಿ, ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿ. ಹತ್ತಿ, ಶೇಂಗಾ ರೇಟು ಬಿದ್ದಷ್ಟು ಕಂದಾಯ ಇಳಿಯಲಿಲ್ಲ. 1931ರ ನಂತರ ದೇಶದ ತುಂಬ ಜನ ಮನೆಯ ಬಂಗಾರ ಮಾರಿದರು. ಅದು ಹಡಗು ಹತ್ತಿ ಹೊರದೇಶಕ್ಕೆ ಹೋಯಿತು.

ನಮ್ಮ ಸಂಡೂರಿನಲ್ಲಿ ನಾನು ಕಣ್ಣಾರೆ ಕಂಡಿದ್ದು ಮಾತ್ರ 2011ರದ್ದು. ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿಗೆ ಮಾತ್ರ ಅನುಮತಿ ಸಿಕ್ಕಿತು. ಅಕ್ರಮ ಅಷ್ಟು ಮಿತಿಮೀರಿತ್ತು, ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳಲಾರೆ. ಆದರೆ ಪೆಟ್ಟು ಬಿದ್ದಿದ್ದು ಯಾರಿಗೆ? ಡ್ರೈವರ್, ಕ್ಲೀನರ್, ಪಂಕ್ಚರ್ ಹಾಕುವವನು, ರೋಡ್ ಪಕ್ಕದ ಖಾನಾವಳಿಯವಳು.

ಮೊದಲು ಬಂದಿದ್ದು ಹಸಿವಲ್ಲ, ಕಂತು. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲದಲ್ಲಿ ಎಷ್ಟೋ ಜನ ಹೊಲ ಮಾರಿ, ಮಿಕ್ಕಿದ್ದಕ್ಕೆ ಸಾಲ ಮಾಡಿ ಟಿಪ್ಪರ್ ತಂದಿದ್ದರು. ಗಾಡಿ ನಿಂತರೂ ಕಂತು ನಿಲ್ಲಲಿಲ್ಲ. ಫೈನಾನ್ಸ್‌ನವರು ಗಾಡಿ ಎಳೆದುಕೊಂಡು ಹೋದರು. ಅದನ್ನು ತಡೆಯಲು ಕೆಲವರು ಬಂಗಾರ ಅಡ ಇಟ್ಟರು, ಹೆಂಡತಿಯ ಹೆಸರಲ್ಲಿ ಸಂಘದ ಸಾಲ ತೆಗೆದರು. ಆ ಸಾಲಕ್ಕೂ ವಾರ ವಾರ ಕಂತು!

ಅಡುಗೆಮನೆಯಲ್ಲಿ ಮೊದಲು ಕಮ್ಮಿಯಾಗಿದ್ದು ಎಣ್ಣೆ, ಆಮೇಲೆ ಬೇಳೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಹೇಗೋ ಉಳಿದವು, ಅದೂ ಉದ್ರಿಯ ಮೇಲೆ. ನಮ್ಮ ಓಣಿಯ ಕಿರಾಣಿಯವರು ಆರೇಳು ತಿಂಗಳು ಯಾರಿಗೂ ಇಲ್ಲ ಅನ್ನಲಿಲ್ಲ. ಆದರೆ ಅವರದ್ದೂ ಬಳ್ಳಾರಿಯ ಸಗಟು ಅಂಗಡಿಯಲ್ಲಿ ಉದ್ರಿಯೇ ಅಲ್ವಾ? ಅಲ್ಲಿ ಕೈ ಬಿಗಿಯಾಯಿತು, ಇಲ್ಲಿ ಪುಸ್ತಕ ಮುಚ್ಚಿತು. ಜನ ಗುಳೆ ಹೊರಟಿದ್ದು ಆಮೇಲೆ. ಕೆಲಸ ಹೋದ ದಿನ ಯಾರೂ ಊರು ಬಿಡಲಿಲ್ಲ, ಉದ್ರಿ ನಿಂತ ವಾರ ಬಿಟ್ಟರು. ಹೆಚ್ಚಿನವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಮನೆಯಲ್ಲಿ ಉಳಿದಿದ್ದು ಅಜ್ಜಿ, ಮೊಮ್ಮಕ್ಕಳು.

ತಡೆದುಕೊಂಡವರು ಯಾರು? ಎರಡು ಎಕರೆ ಉಳಿಸಿಕೊಂಡವರು, ಎಮ್ಮೆ ಇದ್ದವರು, ಬಳ್ಳಾರಿಯ ಜೀನ್ಸ್ ಹೊಲಿಗೆಯಲ್ಲಿ ಪೀಸ್ ಲೆಕ್ಕದ ಕೆಲಸ ಸಿಕ್ಕವರು. ಇವರೇನು ಜಾಸ್ತಿ ಜಾಣರಲ್ಲ. ಕೆಲವರಿಗೆ ಟಿಪ್ಪರ್ ಸಾಲ ಸಿಕ್ಕಿರಲಿಲ್ಲ, ಅಷ್ಟೇ.

2013ರ ಏಪ್ರಿಲ್‌ನಲ್ಲಿ ಕೋರ್ಟ್ ಮಿತಿ ಹಾಕಿ ಗಣಿಗಳಿಗೆ ಮತ್ತೆ ಅನುಮತಿ ಕೊಟ್ಟಿತು. ಆದರೆ ಗಾಡಿಗಳು ಮೊದಲಿನಷ್ಟು ಓಡಲಿಲ್ಲ. ಅದೇ ವರ್ಷ ಜುಲೈನಲ್ಲಿ ಅನ್ನಭಾಗ್ಯ ಬಂತು, ಆಗ ಕೆಜಿಗೆ 1 ರೂಪಾಯಿ ಅಕ್ಕಿ. ಸೋಮಾರಿಗಳ ಅಕ್ಕಿ ಅಂತ ಆಡಿಕೊಂಡವರು ಉದ್ರಿ ಪುಸ್ತಕ ನೋಡಿಲ್ಲ. ಅಕ್ಕಿಯ ಸಾಲು ಆ ಪುಸ್ತಕದಿಂದ ಕಾಣೆಯಾಯಿತು.

ನಮ್ಮ ಕಿರಾಣಿಯವರು ಪ್ರತಿ ದೀಪಾವಳಿಗೆ ಹೊಸ ಪುಸ್ತಕ ಪೂಜೆ ಮಾಡುತ್ತಾರೆ. ಮೊದಲ ಹಾಳೆಯಲ್ಲಿ ಹಳೇ ಬಾಕಿ ಬರೆಯುತ್ತಾರೆ. 2011ರ ಕೆಲವು ಹೆಸರು ಇನ್ನೂ ಅಲ್ಲೇ ಇವೆ.