ಅಮ್ಮನ ಬೆನ್ನು, ಮಗನ ಹೆಬ್ಬೆರಳು

1912ರಲ್ಲಿ ನಮಿಕೋಶಿ ಎಂಬ ಜಪಾನಿ ಕುಟುಂಬವೊಂದು ಶಿಕೊಕು ದ್ವೀಪ ಬಿಟ್ಟು, ಉತ್ತರದ ಕೊರೆಯುವ ಚಳಿಯ ಹೊಕ್ಕೈಡೋಗೆ ಹೋಗಿ ನೆಲೆಸಿತು. ಅಲ್ಲಿ ಮನೆಯೊಡತಿಯ ಕೀಲುಗಳು ಒಂದೊಂದಾಗಿ ಹಿಡಿದುಕೊಂಡವು. ಹಳ್ಳಿಯಲ್ಲಿ ಡಾಕ್ಟರಿಲ್ಲ. ಮಕ್ಕಳೇ ಸರದಿ ಮೇಲೆ ಅಮ್ಮನ ಮೈ ಒತ್ತುತ್ತಿದ್ದರು. ಏಳು ವರ್ಷದ ತೊಕುಜಿರೋ ಒತ್ತಿದರೆ ಅಮ್ಮನಿಗೆ ಜಾಸ್ತಿ ಹಾಯೆನಿಸುತ್ತಿತ್ತಂತೆ. ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ತಣ್ಣಗಿದೆ ಎಂದು ಹುಡುಗ ಬೆರಳಲ್ಲೇ ಹುಡುಕಿ, ಅಲ್ಲೇ ಹೆಚ್ಚು ಹೊತ್ತು ಒತ್ತುತ್ತಿದ್ದ. ಕ್ರಮೇಣ ಅಮ್ಮ ಚೇತರಿಸಿಕೊಂಡಳು.

ಶಿಯಾತ್ಸು ಎಂಬ ಒತ್ತು ಚಿಕಿತ್ಸೆಯ ಕತೆಯನ್ನು ಜಪಾನಿನಲ್ಲಿ ಶುರುಮಾಡುವುದು ಹೀಗೆ. 'ಶಿ' ಎಂದರೆ ಬೆರಳು, 'ಆತ್ಸು' ಎಂದರೆ ಒತ್ತಡ. ಅದಕ್ಕೂ ಮೊದಲೇ ಅಲ್ಲಿ 'ಅನ್ಮಾ' ಎಂಬ ಅಂಗಮರ್ದನ ಇತ್ತು. ಎದೋ ಕಾಲದಲ್ಲಿ (1603–1868) ಎಷ್ಟೋ ಅಂಧರಿಗೆ ಅದೇ ಹೊಟ್ಟೆಪಾಡು. ದೊಡ್ಡವನಾದ ತೊಕುಜಿರೋ 1925ರಲ್ಲಿ ಹೊಕ್ಕೈಡೋದಲ್ಲಿ ಚಿಕಿತ್ಸಾಲಯ, 1940ರಲ್ಲಿ ಟೋಕಿಯೋದಲ್ಲಿ ಶಾಲೆ ತೆರೆದರು. 1954ರಲ್ಲಿ ಮಧುಚಂದ್ರಕ್ಕೆಂದು ಜಪಾನಿಗೆ ಬಂದಿದ್ದ ಮರ್ಲಿನ್ ಮನ್ರೋಗೆ ಶಿಯಾತ್ಸು ಮಾಡಿದ್ದೂ ಇವರೇ. ಹೆಸರು ಊರೆಲ್ಲ ಹಬ್ಬಲು ಅಷ್ಟು ಸಾಕಿತ್ತು.

ಎಣ್ಣೆ ಇಲ್ಲ, ತಿಕ್ಕುವುದಿಲ್ಲ, ಬಟ್ಟೆ ಬಿಚ್ಚಬೇಕಿಲ್ಲ. ನೆಲದ ಮೇಲೆ ಹತ್ತಿಯ ಹಾಸಿಗೆ ಹಾಸಿ ಮಲಗಿಸುತ್ತಾರೆ. ಒತ್ತುವವರು ಪಕ್ಕದಲ್ಲಿ ಮಂಡಿಯೂರಿ, ಕೈ ನೆಟ್ಟಗಿಟ್ಟು, ಹೆಬ್ಬೆರಳ ತುದಿಯನ್ನಲ್ಲ, ಅದರ ಮೆತ್ತನೆ ಭಾಗವನ್ನು ಬೆನ್ನೆಲುಬಿನ ಪಕ್ಕದಲ್ಲಿ ಊರುತ್ತಾರೆ. ಆಮೇಲೆ ಬೆರಳಿನ ಬಲ ಹಾಕುವುದಿಲ್ಲ. ಮೈಯನ್ನು ಮುಂದಕ್ಕೆ ವಾಲಿಸುತ್ತಾರೆ, ಅಷ್ಟೆ. ಭಾರ ತಾನಾಗಿ ಇಳಿಯುತ್ತದೆ. ಮೂರೋ ನಾಲ್ಕೋ ಸೆಕೆಂಡು ನಿಂತು, ನಿಧಾನಕ್ಕೆ ಸಡಿಲಿಸಿ, ಮುಂದಿನ ಜಾಗಕ್ಕೆ ಸಾಗುತ್ತಾರೆ. ನೋವು, ಹಿತ ಎರಡೂ ಒಟ್ಟಿಗೆ ಆಗುವ ಆ ಒತ್ತಡಕ್ಕೆ ಜಪಾನಿಯರು ಒಂದೇ ಪದ ಮಾಡಿಕೊಂಡಿದ್ದಾರೆ: 'ಇತಾಕಿಮೋಚಿಯೀ'. ನಮ್ಮಲ್ಲಿ ಅದಕ್ಕೆ ಪದವಿಲ್ಲ, 'ಹಾಂ, ಅಲ್ಲೇ, ಅಲ್ಲೇ' ಅನ್ನುತ್ತೇವೆ.

ಆ 'ಅಲ್ಲೇ' ಮೆದುಳಿಗೆ ಗೊತ್ತಾಗುವುದು ಹೇಗೆ? 2010ರವರೆಗೆ ಇದಕ್ಕೆ ಸರಿಯಾದ ಉತ್ತರ ಇರಲಿಲ್ಲ. ಆ ವರ್ಷ ವಿಜ್ಞಾನಿ ಆರ್ಡೆಮ್ ಪಟಪೂಟಿಯನ್ ಅವರ ತಂಡ ಕ್ಯಾಲಿಫೋರ್ನಿಯಾದಲ್ಲಿ ಒಂದು ಕೋಶವನ್ನು ಗಾಜಿನ ಸಣ್ಣ ಕೊಳವೆಯಿಂದ ತಿವಿದು ನೋಡಿತು. ಒತ್ತಿದೊಡನೆ ಅದರಲ್ಲಿ ವಿದ್ಯುತ್ ಮಿಡಿಯುತ್ತಿತ್ತು. ಇದಕ್ಕೆ ಯಾವ ಜೀನ್ ಕಾರಣವಿರಬಹುದು ಎಂದು 72 ಜೀನ್‌ಗಳ ಪಟ್ಟಿ ಮಾಡಿ, ಒಂದೊಂದಾಗಿ ಬಾಯಿ ಮುಚ್ಚಿಸುತ್ತಾ ಹೋದರು. ಪಟ್ಟಿಯ ಕೊನೆಯದನ್ನು ಮುಚ್ಚಿಸಿದಾಗ ಕೋಶ ಸುಮ್ಮನಾಯಿತು! ಸಿಕ್ಕಿದ ಪ್ರೋಟೀನಿಗೆ ಪೀಜೋ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಅದರ ಮೂಲಪದಕ್ಕೂ ಒತ್ತಡವೆಂದೇ ಅರ್ಥ. ಒತ್ತಿದರೆ ತೆರೆಯುವ ಬಾಗಿಲು ಅದು. ಅದರ ಜೊತೆಗಾರ ಪೀಜೋ-2 ನಮ್ಮ ಸ್ಪರ್ಶದ ನರಗಳಲ್ಲಿದೆ. 2021ರ ನೊಬೆಲ್‌ನಲ್ಲಿ ಈ ಶೋಧಕ್ಕೂ ಪಾಲು ಸಿಕ್ಕಿತು.

ಒತ್ತಿದ ಸುದ್ದಿ ದಪ್ಪ ನರತಂತುಗಳಲ್ಲಿ ಓಡುತ್ತದೆ. ಮಂದ ನೋವಿನ ಸುದ್ದಿ ಸಣ್ಣ ತಂತುಗಳಲ್ಲಿ, ಸೆಕೆಂಡಿಗೆ 1 ಮೀಟರಿನ ಆಸುಪಾಸಿನಲ್ಲಿ ತೆವಳುತ್ತದೆ. ಬೆನ್ನುಹುರಿಯಲ್ಲಿ ಎರಡೂ ಎದುರಾದಾಗ ಸ್ಪರ್ಶ ನೋವನ್ನು ತಡೆಯುತ್ತದೆ ಎಂದು 1965ರಲ್ಲಿ ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ ಹೇಳಿದರು. ಆಮೇಲೆ ಇದರ ವಿವರಗಳಲ್ಲಿ ತಿದ್ದುಪಡಿಗಳಾಗಿವೆ, ಮೂಲ ವಿಚಾರ ಉಳಿದಿದೆ. ಮಂಡಿ ಮಂಚಕ್ಕೆ ತಗುಲಿದೊಡನೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದಲ್ವಾ, ಅದೇ ಇದು.

ಹಾಗಾದರೆ ಶಿಯಾತ್ಸು ಎಂದೊಡನೆ ಕೇಳಿಬರುವ 'ಕಿ' ಎಂಬ ಪ್ರಾಣಶಕ್ತಿ, ಅದು ಹರಿಯುವ ನಾಡಿಗಳು? ತಮಾಷೆ ಎಂದರೆ ನಮಿಕೋಶಿ ಅವನ್ನೆಲ್ಲ ನೆಚ್ಚಿಕೊಂಡವರಲ್ಲ. ಅವರ ಶಾಲೆಯ ಪಾಠ ಸ್ನಾಯು, ನರ, ಮೂಳೆಗಳದ್ದು. ನಾಡಿಗಳನ್ನು ಮತ್ತೆ ನಡುಮನೆಗೆ ತಂದವರು ಇನ್ನೊಬ್ಬ ಶಿಯಾತ್ಸು ಗುರು ಶಿಜುತೋ ಮಸುನಾಗ. ಪಶ್ಚಿಮದ ದೇಶಗಳಲ್ಲಿ ಜಾಸ್ತಿ ಹಬ್ಬಿದ್ದು ಅವರ 'ಜೆನ್ ಶಿಯಾತ್ಸು'.

ಹಾಗಂತ ನಮಿಕೋಶಿ ಹೇಳಿದ್ದೆಲ್ಲ ಸರಿ ಎಂದೂ ಅಲ್ಲ. ಬೆನ್ನು ಒತ್ತಿದ್ದರಿಂದ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಉರಿಯೂತ ತಗ್ಗಿಸುವ ಕಾರ್ಟಿಸೋನ್ ಸುರಿಸಿತು, ಅದರಿಂದಲೇ ಅಮ್ಮನ ಕೀಲುವಾತ ವಾಸಿಯಾಯಿತು ಎಂದು ಅವರು ಮುಂದೆ ವಿವರಿಸಿದರು. ಅದಕ್ಕೆ ಪುರಾವೆಯಿಲ್ಲ. ಆ ಬಗೆಯ ಕೀಲುವಾತ ಕೆಲವೊಮ್ಮೆ ತಾನಾಗಿಯೂ ತಗ್ಗುತ್ತದೆ, ಮತ್ತೆ ಏರುತ್ತದೆ. ಇನ್ನು 'ಮಸಾಜ್ ಮಾಡಿಸಿದರೆ ಮಾನಸಿಕ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಸರ್ರನೆ ಇಳಿಯುತ್ತದೆ' ಎಂಬ ಜಾಹೀರಾತಿನ ಮಾತು. 2011ರಲ್ಲಿ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಆ ಇಳಿತ ತೀರಾ ಸಣ್ಣದೆಂದು ಕಂಡಿತು.

ಶಿಯಾತ್ಸುವನ್ನು ಪರೀಕ್ಷಿಸುವುದೂ ಕಷ್ಟವೇ. ಮಾತ್ರೆಯಾದರೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಸುಳ್ಳು ಒತ್ತುವುದು ಹೇಗೆ? ಬೇರೆ ಜಾಗ ಒತ್ತಿದರೂ ಅದು ಸ್ಪರ್ಶವೇ, ಅದಕ್ಕೂ ಪೀಜೋ ಬಾಗಿಲು ತೆರೆಯುತ್ತದೆ. ಒತ್ತುವವರಿಗಂತೂ ಗುಟ್ಟು ಗೊತ್ತೇ ಇರುತ್ತದೆ. ನನ್ನ ಮಟ್ಟಿಗೆ, ಭುಜ ಬಿಗಿದವರಿಗೆ, ನಿದ್ದೆ ಬಾರದವರಿಗೆ ಒಂದು ಗಂಟೆಯ ಹಾಯಾದ ಒತ್ತು ಬೇಡವೆನ್ನಲು ಕಾರಣವಿಲ್ಲ. ಕಾಯಿಲೆ ವಾಸಿ ಮಾಡುತ್ತೇವೆ ಎಂದರೆ ಮಾತ್ರ ಎದ್ದು ಬನ್ನಿ.

ಜಪಾನಿನಲ್ಲಿ ಇದನ್ನು ಕಸುಬಾಗಿ ಮಾಡಲು ಮೂರು ವರ್ಷ ಓದಿ ರಾಷ್ಟ್ರೀಯ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಅರ್ಥವಿದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಒತ್ತಿದಾಗ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಟೊಳ್ಳಾದ ಮೂಳೆ ಮುರಿಯಬಹುದು. ಕುತ್ತಿಗೆಯ ಮುಂಭಾಗದಲ್ಲಿ, ದವಡೆಯ ಕೆಳಗೆ ಮಿಡಿಯುವ ಜಾಗವಿದೆಯಲ್ಲ, ಅಲ್ಲಿ ಜೋರಾಗಿ ಒತ್ತಿದರೆ ಎದೆಬಡಿತ ನಿಧಾನವಾಗಿ ತಲೆ ಸುತ್ತಬಹುದು. ಮನೆಯಲ್ಲಿ ಒತ್ತುವುದಾದರೆ ಭುಜ, ಬೆನ್ನು, ಅಂಗೈ ಸಾಕು.