ಪಂಚಮಿಗೆ ಹೀಟ್, ದಸರೆಗೆ ಜಗಳ

"ಹೀಟ್ ಮುಗೀತ್ರಿ ಡಾಕ್ಟ್ರ. ರಕ್ತ ನಿಂತು ವಾರ ಆತು. ಈಗ ಎರಡನ್ನೂ ಕೂಡೇ ಬಿಟ್ಟೇವ್ರಿ. ಇನ್ನೇನ್ ಹೆದರಿಕಿ ಇಲ್ಲಲಾ?"

ಧಾರವಾಡದಲ್ಲಿ ನಾಯಿ, ಬೆಕ್ಕು ನೋಡಿಕೊಂಡು ಕೂತಿರುವ ನನಗೆ ಎರಡು ಹೆಣ್ಣು ನಾಯಿ ಸಾಕಿದವರಿಂದ, ಒಂದರ ಹೀಟ್ (ಬೆದೆ) ಮುಗಿದ ಮೇಲೆ, ಫೋನಿನಲ್ಲಿ ಈ ಮಾತು ಬಂದಾಗಲೆಲ್ಲ ಒಂದೇ ಉತ್ತರ: ಹೆದರಿಕೆ ಶುರುವಾಗೋದೇ ಇನ್ನು ಮುಂದೆ. ಆ ಕಡೆಯವರು ನಗುತ್ತಾರೆ. ಎರಡು ತಿಂಗಳಿಗೆ ಕಿವಿ ಹರಿದ ನಾಯಿಯನ್ನು ಹಳೆ ಚಾದರದಲ್ಲಿ ಸುತ್ತಿಕೊಂಡು ಬರುತ್ತಾರೆ. ಆಗ ಅವರೂ ನಗುವುದಿಲ್ಲ, ನಾನೂ ನಗುವುದಿಲ್ಲ.

ಮರಿಯಾಗದಂತೆ ಮಾಡುವ ಆಪರೇಷನ್ ಆಗದ ಎರಡು ಹೆಣ್ಣು ನಾಯಿ ಒಂದೇ ಮನೆಯಲ್ಲಿದ್ದರೆ ಜಗಳ ಆಗಲೇಬೇಕು ಅಂತೇನಿಲ್ಲ. ಸಾಯುವತನಕ ಒಂದೇ ಗೋಣಿಚೀಲದ ಮೇಲೆ ಮಲಗಿದ ಜೋಡಿಗಳನ್ನೂ ನೋಡಿದ್ದೇನೆ. ಆದರೆ ಜಗಳ ಬಿತ್ತೋ, ನಾನು ಕಂಡ ಮಟ್ಟಿಗೆ ಗಂಡುಗಳ ಜಗಳಕ್ಕಿಂತ ಕೆಟ್ಟದ್ದು. ಗಂಡುಗಳದು ಗದ್ದಲ ಜಾಸ್ತಿ, ಗಾಯ ಕಡಿಮೆ. ಹೆಣ್ಣುಗಳು ಸದ್ದಿಲ್ಲದೆ ಹಿಡಿಯುತ್ತವೆ, ಬೇಗ ಬಿಡುವುದಿಲ್ಲ.

ಹೀಟ್ ಅಂದರೇನು ಅಂತ ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಆರೇಳು ತಿಂಗಳಿಗೊಮ್ಮೆ ಬರುತ್ತದೆ, ಮೊದಲ ಹನಿ ರಕ್ತದಿಂದ ಸುಮಾರು 3 ವಾರ ಇರುತ್ತದೆ, ಬೀದಿಯ ಗಂಡುಗಳೆಲ್ಲ ಗೇಟಿನ ಮುಂದೆ ಠಿಕಾಣಿ ಹೂಡುತ್ತವೆ. ಇದು ಸಾಕಿದವರಿಗೆಲ್ಲ ಗೊತ್ತು. ತಲೆಗೆ ಇಳಿಯದೆ ಇರುವುದು ಇದರ ಮುಂದಿನ ಭಾಗ. ಅದನ್ನೇ ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾಯಿಯ ಮೈ ವಿಚಿತ್ರ. ಆಕಳು, ಎಮ್ಮೆಗೆ ಗಬ್ಬ ನಿಲ್ಲದಿದ್ದರೆ ಮೂರು ವಾರಕ್ಕೆ ಮತ್ತೆ ಬೆದೆ. ನಾಯಿಗೆ ಹಾಗಲ್ಲ. ಗಂಡು ಹತ್ತಿರ ಸುಳಿಯದೆ ಇದ್ದರೂ, ಹೀಟ್ ಆದ ಮೇಲೆ ಸುಮಾರು 2 ತಿಂಗಳು ಪ್ರೊಜೆಸ್ಟರಾನ್ ಅನ್ನುವ ಬಸಿರು ಕಾಯುವ ಹಾರ್ಮೋನು ಏರಿಯೇ ಇರುತ್ತದೆ, ಥೇಟ್ ಬಸಿರಾದ ನಾಯಿಯಲ್ಲಿ ಇರುವ ಹಾಗೆ. ನಾಯಿಯ ಬಸಿರು ಸುಮಾರು 63 ದಿನ. ಹೆಚ್ಚೂಕಡಿಮೆ ಅದೇ ಹೊತ್ತಿಗೆ, ಮರಿ ಇರಲಿ ಬಿಡಲಿ, ಪ್ರೊಜೆಸ್ಟರಾನ್ ಇಳಿದು ಪ್ರೊಲ್ಯಾಕ್ಟಿನ್ ಏರುತ್ತದೆ. ಹಾಲು ತರಿಸುವುದು, ಮರಿ ಕಾಯುವ ಬುದ್ಧಿ ಕೊಡುವುದು ಈ ಪ್ರೊಲ್ಯಾಕ್ಟಿನ್ನೇ. ಮರಿ ಇಲ್ಲ, ಕಾಯುವ ಬುದ್ಧಿ ಮಾತ್ರ ಬಂದಿದೆ. ಅದು ಏನನ್ನಾದರೂ ಕಾಯಲೇಬೇಕು, ಅಲ್ವಾ? ಇದೇ ಸುಳ್ಳು ಬಸಿರು. ಕೆಲವು ನಾಯಿಗಳಲ್ಲಿ ಕಣ್ಣಿಗೇ ಬೀಳುವುದಿಲ್ಲ. ಕೆಲವು ಮನೆಯನ್ನೇ ರಣರಂಗ ಮಾಡುತ್ತವೆ.

ಮಾಳಮಡ್ಡಿಯ ಒಂದು ಮನೆ. ತಾಯಿ ರಾಣಿ, ಮುಧೋಳ ಕ್ರಾಸ್, ಆರು ವರ್ಷ. ಮಗಳು ಚಿನ್ನಿ, ಎರಡೂವರೆ. ನಾಗರ ಪಂಚಮಿಗೆ ಉಂಡಿ ಕಟ್ಟುತ್ತಿದ್ದಾಗ ಅಡುಗೆಮನೆಯ ನೆಲದ ಮೇಲೆ ರಾಣಿಯ ಮೊದಲ ಹನಿ. ಮೂರು ವಾರ ಗೇಟಿಗೆ ಕೀಲಿ ಹಾಕಿ ಕಾದರು. ಗಣಪತಿ ಹಬ್ಬದ ಹೊತ್ತಿಗೆ ಎಲ್ಲರೂ ನಿಶ್ಚಿಂತೆ. ದಸರೆ ಹತ್ತಿರ ಬಂದಾಗ ರಾಣಿ ಊಟ ಕಡಿಮೆ ಮಾಡಿದಳು. ಮೊಮ್ಮಗನ ಒಂದು ಕಾಲುಚೀಲ ಕಚ್ಚಿಕೊಂಡು ಮಂಚದ ಕೆಳಗೆ ಸೇರಿದಳು. ಮುಂಗಾಲಲ್ಲಿ ನೆಲ ಕೆದರುವುದು, ಸುತ್ತುವುದು, ಮಲಗುವುದು, ಕಾಲುಚೀಲವನ್ನು ಮೂತಿಯಿಂದ ಹೊಟ್ಟೆಯ ಹತ್ತಿರ ತಳ್ಳಿಕೊಳ್ಳುವುದು. ಮನೆಯವರು ವಿಡಿಯೋ ಮಾಡಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ ನಕ್ಕರು. ಬನ್ನಿ ದಿನ ಮನೆ ತುಂಬ ಮಂದಿ. ಚಿನ್ನಿ ಸುಮ್ನೆ ಮಂಚದ ಕೆಳಗೆ ಮೂತಿ ಹಾಕಿದಳು.

ನನ್ನ ಟೇಬಲ್ ಮೇಲೆ ಚಿನ್ನಿಯ ಕುತ್ತಿಗೆಯ ಕೂದಲು ಬೋಳಿಸಿದಾಗ ಕಂಡದ್ದು ಎರಡೇ ತೂತು, ಪೆನ್ನಿನ ರಿಫಿಲ್ ಹೋಗುವಷ್ಟು. ಮೇಲೆ ಅರಿಶಿನ ಮೆತ್ತಿದ್ದರು. ಒಳಗೆ ಸಲಾಕೆ ಹಾಕಿ ನೋಡಿದರೆ ನಾಲ್ಕು ಇಂಚು ಚರ್ಮ ಮಾಂಸ ಬಿಟ್ಟು ಎದ್ದಿತ್ತು. ನಾಯಿ ಕಚ್ಚಿ ಒದರುತ್ತದಲ್ಲ, ಹಾಗಾಗಿ ಗಾಯ ಹೊರಗೆ ಸಣ್ಣದು, ಒಳಗೆ ದೊಡ್ಡದು. "ಏನಾಗಿಲ್ಲ, ಸಣ್ಣ ತೂತು" ಅಂತ ನಾಲ್ಕು ದಿನ ಬಿಟ್ಟು ಕೀವು ತುಂಬಿಸಿಕೊಂಡು ಬರಬೇಡಿ.

ಆಮೇಲೆ ರಾಣಿಯ ಹಿಂದಿನ ಮೊಲೆ ಮೆಲ್ಲಗೆ ಒತ್ತಿದೆ. ಹಾಲು ಬಂತು. ಜೊತೆಗೆ ಬಂದಿದ್ದ ಅಜ್ಜಿ ನನ್ನ ಬೆರಳನ್ನೇ ನೋಡಿದರು. "ಅಯ್ಯ, ಗಂಡs ಸೇರಿಲ್ಲಲ್ರೀ ಡಾಕ್ಟ್ರ!"

ಅದೇ ಹೇಳ್ತಿರೋದು ಅಜ್ಜಿ, ಗಂಡು ಬೇಕಾಗಿಲ್ಲ ಅಂದೆ.

ಕೇಳಿದರೆ ಅವತ್ತು ಜಗಳ ಆಗಿದ್ದು ಒಂದಲ್ಲ, ಎರಡು. ಮೊದಲನೆಯದು ಬಿಡಿಸಿದ ಮೇಲೆ ಅಜ್ಜಿ ರಾಜಿ ಪಂಚಾಯ್ತಿ ಮಾಡಿಸಿದ್ದರು. "ತಾಯಿ ಮಗಳು ಅದಾವ್ರಿ, ಹಿಂಗ ಮಾಡಬಾರದಂತ ಹೇಳಿ ಇಬ್ಬರ ಮುಂದನೂ ಬನ್ನಿ ಹಿಡದ್ವಿ. ಬಂಗಾರದಂಗ ಇರ್ರಿ ಅಂದ್ವಿ. ಅಲ್ಲೇ ಮತ್ತ ಹತ್ತಿದ್ವು." ಬಿಡಿಸಲು ಕಾಲರ್‌ಗೆ ಕೈ ಹಾಕಿದ ಮಗನ ಹೆಬ್ಬೆರಳು ಸೀಳಿತ್ತು. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ, ಮನೆ ನಾಯಿ ಅಂತ ಬಿಡಬೇಡಿ, ದವಾಖಾನೆಗೆ ಹೋಗಿ ತೋರಿಸಿ ಅಂತ ಅವರನ್ನು ಮೊದಲು ಕಳಿಸಿದೆ. ಜಗಳ ಬಿದ್ದಾಗ ಕಂಬಳಿ ಎಸೆಯಿರಿ, ಬಕೆಟ್ ನೀರು ಸುರಿಯಿರಿ, ನಡುವೆ ಕುರ್ಚಿ ತೂರಿಸಿ. ಕೈ ಮಾತ್ರ ಬೇಡ. ಹೊಡೆತವೂ ಬೇಡ, ಹೊಡೆದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ.

ಬನ್ನಿ ಕೊಟ್ಟು ಹಳೆ ಜಗಳ ಮರೆಯುವುದು ನಮಗೆ ಸರಿ. ಎರಡು ನಾಯಿಗಳ ಕಾಲರ್ ಬಿಗಿಯಾಗಿ ಹಿಡಿದು ಮುಖಕ್ಕೆ ಮುಖ ತಂದರೆ ಅವಕ್ಕೆ ಸರಿದು ಹೋಗಲು ಜಾಗವೇ ಇಲ್ಲ, ಕಣ್ಣು ತಪ್ಪಿಸಲೂ ಆಗುವುದಿಲ್ಲ. ಅವುಗಳ ಭಾಷೆಯಲ್ಲಿ ಅದು ಸವಾಲು. ತಾಯಿ ಮಗಳು, ಅಕ್ಕ ತಂಗಿ ಎನ್ನುವ ಸಂಬಂಧ ನಮ್ಮ ರೇಷನ್ ಕಾರ್ಡಿನಲ್ಲಿದೆ, ಅವುಗಳ ಹತ್ತಿರ ಇಲ್ಲ.

ಬೇಕಾದದ್ದು ಬಾಗಿಲು. ಒಂದು ಒಳಗೆ, ಒಂದು ಹೊರಗೆ, ಪಾಳಿಯ ಮೇಲೆ. ಊಟ ಬೇರೆ, ತಿರುಗಾಟ ಬೇರೆ. ಮಂಚದ ಕೆಳಗೆ, ಇಕ್ಕಟ್ಟಿನ ಬಾಗಿಲಲ್ಲಿ ಎರಡೂ ಸೇರಬಾರದು. ಕಾಲುಚೀಲವನ್ನು ಬಾಯಿಂದ ಕಿತ್ತುಕೊಳ್ಳಬೇಡಿ, ನಾಯಿ ಹೊರಗೆ ಹೋದಾಗ ಎತ್ತಿಡಿ. ಗುರ್ ಅಂದರೆ ಬೈಯಬೇಡಿ. ಗುರ್ ಅನ್ನುವುದು ನೋಟಿಸು. ನೋಟಿಸು ಕೊಟ್ಟಿದ್ದಕ್ಕೆ ಹೊಡೆದರೆ ಮುಂದಿನ ಸಲ ನೋಟಿಸಿಲ್ಲದೆ ಬಾಯಿ ಹಾಕುತ್ತದೆ. ಇನ್ನೊಂದು: ಹಾಲು ಕಟ್ಟಿದೆ ಪಾಪ ಅಂತ ಹಿಂಡಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಹಿಂಡಿದಷ್ಟೂ ಬರುತ್ತದೆ. ಸುಮ್ಮನೆ ಬಿಟ್ಟರೆ ಹೆಚ್ಚಿನವಕ್ಕೆ ಎರಡು ಮೂರು ವಾರದಲ್ಲಿ ತಾನೇ ಇಂಗುತ್ತದೆ. ಇಂಗದಿದ್ದರೆ ಮಾತ್ರೆ ಇದೆ, ಆದರೆ ನಾಯಿ ನೋಡದೆ ಫೋನಿನಲ್ಲಿ ಹೇಳುವುದಿಲ್ಲ.

"ಹಂಗಾದ್ರ ಇವತ್ತs ಆಪರೇಷನ್ ಮಾಡಿಬಿಡ್ರಿ" ಅನ್ನುವವರು ಬಹಳ. ಹೀಟ್ ಇದ್ದಾಗ ಗರ್ಭಕೋಶಕ್ಕೆ ರಕ್ತ ಜಾಸ್ತಿ ಹರಿಯುತ್ತಿರುತ್ತದೆ, ಹಾಗಾಗಿ ಆಗ ಬೇಡ. ಹಾಲಿದ್ದಾಗ ಮಾಡಿದರೆ ಸುಳ್ಳು ಬಸಿರು ಹಾಗೇ ನಿಂತುಬಿಡುವ ಅಪಾಯವಿದೆ. ಹಿಂದೆ ಒಬ್ಬರ ಒತ್ತಾಯಕ್ಕೆ ಒಪ್ಪಿ ನಾನೇ ಹಾಗೆ ಮಾಡಿದ್ದೆ. ಹೊಲಿಗೆ ಮಾಯ್ದು ತಿಂಗಳುಗಳಾದರೂ ನಾಯಿ ಚೆಂಡು ಕಾಯುವುದು ಬಿಡಲಿಲ್ಲ. ಆಮೇಲಿನಿಂದ ಹೀಟ್ ಮುಗಿದು ಮೂರು ತಿಂಗಳಾಗಲಿ, ಹಾಲು ಇಂಗಲಿ ಅನ್ನುತ್ತೇನೆ. ಇದಕ್ಕೆ ಒಂದು ಅಪವಾದ. ಇದೇ ಎರಡು ತಿಂಗಳಲ್ಲಿ ನಾಯಿ ವಿಪರೀತ ನೀರು ಕುಡಿಯುತ್ತಾ ಮಂಕಾದರೆ, ಹಿಂದಿನಿಂದ ಕೀವು ಬಂದರೆ, ಅದು ಗರ್ಭಕೋಶದ ಕೀವು ಇರಬಹುದು. ಒಮ್ಮೊಮ್ಮೆ ಕೀವು ಹೊರಗೆ ಬರುವುದೂ ಇಲ್ಲ. ಅವತ್ತೇ ಬನ್ನಿ, ಲೆಕ್ಕ ಹಾಕುತ್ತಾ ಕೂರಬೇಡಿ.

ಆಪರೇಷನ್ ಆದ ಮೇಲೆ ಗೆಳತಿಯರಾಗುತ್ತಾರೆ ಅಂತ ನಾನು ಬರೆದು ಕೊಡಲಾರೆ. ಹಾರ್ಮೋನಿನ ಜಗಳ ನಿಲ್ಲಬಹುದು, ರೂಢಿಯಾದ ಜಗಳ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅದಕ್ಕೇ ಮೊದಲ ಜಗಳವನ್ನೇ ತಪ್ಪಿಸಿ ಅನ್ನುವುದು. ಗೋಡೆಯ ಕ್ಯಾಲೆಂಡರ್‌ನಲ್ಲಿ ಮೊದಲ ಹನಿಯ ದಿನ ಗುರುತು ಹಾಕಿ. ಅಲ್ಲಿಂದ ಮೂರು ತಿಂಗಳು ಎಣಿಸಿ, ಕೊನೆಯ ಎರಡು ತಿಂಗಳಿಗೆ ಸುತ್ತು ಹಾಕಿ. ಆ ಸುತ್ತಿನೊಳಗೆ ಎರಡೂ ನಾಯಿ ಕೂಡಿದ್ದರೆ ನಿಮ್ಮ ಕಣ್ಣು ಅಲ್ಲೇ ಇರಬೇಕು. ಒಂದೇ ಮನೆಯಲ್ಲಿ ಇನ್ನೊಂದೂ ಬೆನ್ನಿಗೇ ಹೀಟ್‌ಗೆ ಬರುವುದುಂಟು. ಅದಕ್ಕೆ ಬೇರೆ ಬಣ್ಣದ ಪೆನ್ನು.

ರಾಣಿಯ ಆಪರೇಷನ್ ಡಿಸೆಂಬರ್‌ನಲ್ಲಿ ಆಯಿತು. ಚಿನ್ನಿ ಆಮೇಲೆ ಹೀಟ್‌ಗೆ ಬಂದಳು. ಅಜ್ಜಿ ನಾನು ಹೇಳಿದ ಹಾಗೆಯೇ ಕ್ಯಾಲೆಂಡರ್ ತುಂಬ ಸುತ್ತು ಹಾಕಿದರು. ಆ ಮನೆಯಲ್ಲಿ ಹಾಲಿನವ ಬರದ ದಿನಕ್ಕೂ ಅದೇ ಸುತ್ತು. ತಿಂಗಳ ಕೊನೆಗೆ ಸೊಸೆ ಸುತ್ತು ಎಣಿಸಿ ಅಷ್ಟೂ ದಿನದ ರೊಕ್ಕ ಹಿಡಿದುಬಿಟ್ಟಿದ್ದಾರೆ. ಹಾಲಿನವ ಒಂದು ಬೆಳಗ್ಗೆ ಸೀದಾ ನನ್ನ ಕ್ಲಿನಿಕ್ಕಿಗೇ ಬಂದ. "ಡಾಕ್ಟ್ರ, ಆ ಮನಿಯಾಗ ನಾಯಿದ್ ಲೆಕ್ಕ ಬ್ಯಾರೆ ಬರೀರಿ ಅಂತ ನೀವs ಒಂದ್ ಮಾತು ಹೇಳ್ರಿ."